ಇಪ್ಪತ್ತೈದು ನಿಮಿಷದ ಚೆಸ್: ಕಾರ್ಲ್‌ಸನ್–ಕರ್ಯಾಕಿನ್ ಕೊನೆಯ ಆಟ ಬಿಚ್ಚಿ ನೋಡೋಣ

ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ ಯಾವ ರೂಮಿನ ಬಾಗಿಲು ತಟ್ಟಿದರೂ ಒಬ್ಬನಾದರೂ ಮೊಬೈಲ್‌ನಲ್ಲಿ ಚೆಸ್ ಆಡ್ತಾ ಕೂತಿರ್ತಾನೆ. ಒಂದು ನಿಮಿಷದ ಆಟ, ಮೂರು ನಿಮಿಷದ ಆಟ. ಸೋತರೆ ತಕ್ಷಣ ರೀಮ್ಯಾಚ್. ಹೀಗೆ ದಿನಕ್ಕೆ ಮೂವತ್ತು ನಲವತ್ತು ಆಟ ಆಡಿ, ಅದರಲ್ಲಿ ಒಂದನ್ನೂ ತಿರುಗಿ ನೋಡದವರೇ ಜಾಸ್ತಿ. ಯಾಕೆ ಅಂತ ಕೇಳಿ, ಉತ್ತರ ರೆಡಿ ಇರುತ್ತೆ: "ಫಾಸ್ಟ್ ಆಟದಲ್ಲಿ ನೋಡೋಕೆ ಏನೈತೆ ಗುರು? ಕೈ ಚುರುಕಾಗಿರೋನು ಗೆಲ್ತಾನೆ, ಅಷ್ಟೆ."

ಈ ಮಾತು ಎಷ್ಟು ನಿಜ ಅಂತ ಪರೀಕ್ಷೆ ಮಾಡೋಕೆ ಒಂದೇ ಒಂದು ಆಟ ಸಾಕು. 2016ರ ನವೆಂಬರ್ 30, ನ್ಯೂಯಾರ್ಕ್. ವಿಶ್ವ ಚಾಂಪಿಯನ್ ಪಟ್ಟಕ್ಕೆ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ರಷ್ಯಾದ ಸೆರ್ಗೈ ಕರ್ಯಾಕಿನ್ ನಡುವಿನ ಕೊನೆಯ ರ್‍ಯಾಪಿಡ್ ಆಟ. ಸಾಧ್ಯವಾದರೆ ಒಂದು ನಿಜವಾದ ಚೆಸ್ ಬೋರ್ಡ್ ಮುಂದಿಟ್ಟುಕೊಂಡು ಓದಿ. ಎಂಜಿನ್ ಹಾಕಬೇಡಿ. ಅದು ಉತ್ತರ ಹೇಳಿಬಿಡುತ್ತೆ, ಆಮೇಲೆ ನಿಮ್ಮ ತಲೆ ರಜಾ ಹಾಕುತ್ತೆ.

ಮೊದಲು ಹಿನ್ನೆಲೆ, ಚುಟುಕಾಗಿ. ಕರ್ಯಾಕಿನ್ ಸಾಮಾನ್ಯನಲ್ಲ. 12 ವರ್ಷ 7 ತಿಂಗಳಿಗೇ ಗ್ರ್ಯಾಂಡ್‌ಮಾಸ್ಟರ್ ಆದವನು. ಆ ದಾಖಲೆ 2021ರವರೆಗೂ ಹಾಗೇ ಇತ್ತು. ಮಾಸ್ಕೋದ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ನಮ್ಮ ವಿಶ್ವನಾಥನ್ ಆನಂದ್ ಅವರೂ ಇದ್ದ ಗುಂಪಿನಲ್ಲಿ ಮೊದಲಿಗನಾಗಿ ನ್ಯೂಯಾರ್ಕ್‌ಗೆ ಬಂದಿದ್ದ. ಅವನ ದೊಡ್ಡ ಶಕ್ತಿ ಅಂದರೆ ತಡೆದುಕೊಳ್ಳೋದು. ಹನ್ನೆರಡು ಕ್ಲಾಸಿಕಲ್ ಆಟಗಳಲ್ಲಿ ಎಂಟನೆಯದನ್ನು ಕರ್ಯಾಕಿನ್ ಗೆದ್ದ, ಹತ್ತನೆಯದನ್ನು ಕಾರ್ಲ್‌ಸನ್ ಗೆದ್ದ, ಉಳಿದದ್ದೆಲ್ಲ ಡ್ರಾ. ಲೆಕ್ಕ 6–6.

ಹನ್ನೆರಡನೆಯ ಆಟವನ್ನು ಗಮನಿಸಿ. ಕಾರ್ಲ್‌ಸನ್‌ಗೆ ಬಿಳಿ ಕಾಯಿ. ಅಂದರೆ ಮೊದಲ ನಡೆಯ ಅನುಕೂಲ. ಆದರೂ ಮೂವತ್ತು ನಡೆ ಆಡಿ, ಅರ್ಧ ಗಂಟೆ ಚಿಲ್ಲರೆಯಲ್ಲಿ ಡ್ರಾ ಮಾಡಿಕೊಂಡು ಎದ್ದ. ಆಗ ಎಷ್ಟೋ ಜನ ಬೈದರು: ಚಾಂಪಿಯನ್ ಆದವನು ಹೋರಾಡಬೇಕಿತ್ತು, ಟಿಕೆಟ್ ತಗೊಂಡು ಬಂದವರಿಗೆ ಮೋಸ, ಇತ್ಯಾದಿ. ನನಗೆ ಅದು ಹೇಡಿತನ ಅಂತ ಅನ್ನಿಸಲ್ಲ. ವೇಗದ ಆಟದಲ್ಲಿ ತಾನು ಎದುರಾಳಿಗಿಂತ ಎಷ್ಟು ಮುಂದಿದ್ದೀನಿ ಅಂತ ಗೊತ್ತಿದ್ದವನು ಮಾಡಿದ ಲೆಕ್ಕ ಅದು. ಬರೀ ಅದೃಷ್ಟದ ಆಟ ಆಗಿದ್ದರೆ ಪಟ್ಟವನ್ನೇ ಅದರ ಮೇಲೆ ಯಾರಾದರೂ ಪಣಕ್ಕಿಡ್ತಾರಾ?

ಟೈಬ್ರೇಕರ್‌ನಲ್ಲಿ ನಾಲ್ಕು ಆಟ. ಒಬ್ಬೊಬ್ಬರಿಗೆ 25 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಸೇರ್ಪಡೆ. 25 ನಿಮಿಷ ಅಂದರೆ ಮಂಡ್ಯದಲ್ಲಿ ಬಸ್ ಹತ್ತಿ ಮದ್ದೂರಲ್ಲಿ ಇಳಿಯುವಷ್ಟು ಹೊತ್ತು. ಲೆಕ್ಕ ಹಾಕಿ: 50 ನಡೆಯ ಆಟಕ್ಕೆ 1500 ಸೆಕೆಂಡ್ ಮೂಲ ಬಂಡವಾಳ, ಮೇಲೆ ಸುಮಾರು 500 ಸೆಕೆಂಡ್. ಭಾಗಿಸಿದರೆ ನಡೆಗೆ 40 ಸೆಕೆಂಡ್. ಅದೇ ಪಂದ್ಯದ ಕ್ಲಾಸಿಕಲ್ ಆಟದಲ್ಲಿ ಮೊದಲ 40 ನಡೆಗೇ 100 ನಿಮಿಷ, ಜೊತೆಗೆ ನಡೆಗೆ 30 ಸೆಕೆಂಡ್. ಅಲ್ಲಿ ಸರಾಸರಿ ಮೂರು ನಿಮಿಷ.

ಆದರೆ ಸರಾಸರಿ ಅನ್ನೋದು ಇಲ್ಲಿ ಸುಳ್ಳು ಹೇಳುತ್ತೆ. ಯಾರೂ ಪ್ರತಿ ನಡೆಗೂ ಸಮನಾಗಿ ಸಮಯ ಹಂಚಲ್ಲ. ನಮ್ಮ ಜಿಲ್ಲೆಯವರಿಗೆ ಇದನ್ನು ಅರ್ಥ ಮಾಡಿಸೋದು ಸುಲಭ: ವಿಶ್ವೇಶ್ವರಯ್ಯ ನಾಲೆಯ ನೀರು. ಮೇಲಿನವರು ಗದ್ದೆ ತುಂಬಾ ಹಾಯಿಸಿಕೊಂಡರೆ ಮಳವಳ್ಳಿ ಕಡೆಯ ಕೊನೇ ಭಾಗಕ್ಕೆ ಏನು ಬರುತ್ತೆ? ಚೆಸ್ ಗಡಿಯಾರವೂ ಹಾಗೇ. ಓಪನಿಂಗ್‌ನಲ್ಲಿ ಧಾರಾಳವಾಗಿ ಯೋಚನೆ ಮಾಡಿದವನ ಕೊನೇ ಭಾಗದ ಗದ್ದೆ ಒಣಗುತ್ತೆ. ಮೂರನೆಯ ಆಟದಲ್ಲಿ ಆದದ್ದು ಇದೇ. ಮೊದಲ ಆಟ ಡ್ರಾ. ಎರಡನೆಯದರಲ್ಲಿ 84 ನಡೆ ಪಟ್ಟು ಹಿಡಿದು ಕರ್ಯಾಕಿನ್ ಸ್ಟೇಲ್‌ಮೇಟ್ ಮಾಡಿಸಿಕೊಂಡು ತಪ್ಪಿಸಿಕೊಂಡ. ಮೂರನೆಯದರಲ್ಲಿ ಸಮಯದ ತೀವ್ರ ಒತ್ತಡದಲ್ಲಿ 38ನೇ ನಡೆಗೆ ಆನೆಯಿಂದ ಸಿ7ರ ಕಾಲಾಳು ಹೊಡೆದ, ಕಾರ್ಲ್‌ಸನ್ ತನ್ನ ಆನೆಯನ್ನು ಎ1ಕ್ಕೆ ಇಳಿಸಿದ, ಅಲ್ಲಿಗೇ ಶರಣು.

ಹಾಗಾಗಿ ನಾಲ್ಕನೆಯ ಆಟಕ್ಕೆ ಬರುವಾಗ ಪರಿಸ್ಥಿತಿ ಹೀಗಿತ್ತು: ಕಾರ್ಲ್‌ಸನ್‌ಗೆ ಡ್ರಾ ಆದರೂ ಸಾಕು, ಕರ್ಯಾಕಿನ್‌ಗೆ ಕರಿ ಕಾಯಿಯಲ್ಲಿ ಗೆಲ್ಲಲೇಬೇಕು. ಈ ಒಂದು ವಾಕ್ಯ ಮರೆತರೆ ಮುಂದಿನ ಅರ್ಧ ನಡೆಗಳು ಅರ್ಥವೇ ಆಗಲ್ಲ.

ಬರವಣಿಗೆಯ ಒಪ್ಪಂದ: ಆನೆ ಮೂಲೆಯಲ್ಲಿರೋದು, ನೇರ ಹೋಗುತ್ತೆ. ಒಂಟೆ ಓರೆ. ರಾಣಿಯನ್ನು ನಮ್ಮ ಕಡೆ ಹಳಬರು ಮಂತ್ರಿ ಅಂತಾರೆ, ನಾನು ರಾಣಿ ಅಂತಲೇ ಬರೀತೀನಿ. ಮೊದಲು ಬರೆದದ್ದು ಬಿಳಿ, ಅಂದರೆ ಕಾರ್ಲ್‌ಸನ್.

1. ಇ4, ಸಿ5 2. ಕುದುರೆ-ಎಫ್3, ಡಿ6 3. ಡಿ4, ಸಿ×ಡಿ4 4. ಕುದುರೆ×ಡಿ4, ಕುದುರೆ-ಎಫ್6 5. ಎಫ್3, ಇ5 6. ಕುದುರೆ-ಬಿ3, ಒಂಟೆ-ಇ7 7. ಸಿ4, ಎ5 8. ಒಂಟೆ-ಇ3, ಎ4 9. ಕುದುರೆ-ಸಿ1, ಕ್ಯಾಸ್ಲಿಂಗ್ 10. ಕುದುರೆ-ಸಿ3, ರಾಣಿ-ಎ5 11. ರಾಣಿ-ಡಿ2, ಕುದುರೆ-ಎ6 12. ಒಂಟೆ-ಇ2, ಕುದುರೆ-ಸಿ5 13. ಕ್ಯಾಸ್ಲಿಂಗ್, ಒಂಟೆ-ಡಿ7 14. ಆನೆ-ಬಿ1, ಎಫ್8ರ ಆನೆ-ಸಿ8 15. ಬಿ4, ಎ×ಬಿ3 16. ಎ×ಬಿ3, ರಾಣಿ-ಡಿ8.

ಗೆಲ್ಲಲೇಬೇಕಾದವನು ಸಿಸಿಲಿಯನ್ ಆಡೋದು ಸಹಜ, ಅದು ಜಗಳದ ಓಪನಿಂಗ್. ಐದನೇ ನಡೆಗೆ ಎಲ್ಲರೂ ಕುದುರೆಯನ್ನು ಸಿ3ಕ್ಕೆ ತರ್ತಾರೆ. ಕಾರ್ಲ್‌ಸನ್ ತರಲಿಲ್ಲ. ಎಫ್3 ಅಂತ ಸಣ್ಣ ಕಾಲಾಳು ತಳ್ಳಿ ಇ4ಕ್ಕೆ ಕಾವಲು ಕೊಟ್ಟ, ಆಮೇಲೆ ಸಿ4 ತಳ್ಳಿದ. ಇ4, ಸಿ4 ಎರಡೂ ನಿಂತರೆ ಡಿ5 ಮನೆ ಬಿಳಿಯ ಹಿಡಿತಕ್ಕೆ ಬರುತ್ತೆ. ಕರಿಯ ಡಿ6 ಕಾಲಾಳು ಮುಂದೆ ಹೋಗಲು ದಾರಿ ಇಲ್ಲದೆ ಒದ್ದಾಡುತ್ತೆ. ಡ್ರಾ ಸಾಕು ಅನ್ನುವವನು ಹೆದರಿ ಕಾಯಿ ಕಾಯಿ ಹೊಡೆದಾಡಿ ಬೋರ್ಡ್ ಖಾಲಿ ಮಾಡಬಹುದಿತ್ತು. ಅದರ ಬದಲು ಬೇಲಿ ಕಟ್ಟಿದ. ಒಂಬತ್ತನೇ ನಡೆಗೆ ಕುದುರೆ ಸಿ1ಕ್ಕೆ ಹಿಂದೆ ಸರಿದಾಗ ಪೆಚ್ಚಾಗಿ ಕಾಣುತ್ತೆ ನಿಜ. ಆದರೆ ಅದೇ ಕುದುರೆ 17ಕ್ಕೆ ಡಿ3, 18ಕ್ಕೆ ಬಿ4, ಅಲ್ಲಿಂದ ಕಣ್ಣು ಡಿ5ರ ಮೇಲೆ. 15ನೇ ನಡೆಯ ಎ×ಬಿ3 ನೋಡಿ ಗಾಬರಿ ಆಗಬೇಡಿ, ಅದು ಆನ್ ಪಾಸಾನ್.

17. ಕುದುರೆ-ಡಿ3, ಕುದುರೆ-ಇ6 18. ಕುದುರೆ-ಬಿ4, ಒಂಟೆ-ಸಿ6 19. ಎಫ್1ರ ಆನೆ-ಡಿ1, ಎಚ್5 20. ಒಂಟೆ-ಎಫ್1, ಎಚ್4 21. ರಾಣಿ-ಎಫ್2, ಕುದುರೆ-ಡಿ7 22. ಜಿ3, ಆನೆ-ಎ3 23. ಒಂಟೆ-ಎಚ್3, ಸಿ8ರ ಆನೆ-ಎ8 24. ಕುದುರೆ-ಸಿ2, ಎ3ರ ಆನೆ-ಎ6 25. ಕುದುರೆ-ಬಿ4, ಆನೆ-ಎ5 26. ಕುದುರೆ-ಸಿ2, ಬಿ6 27. ಆನೆ-ಡಿ2, ರಾಣಿ-ಸಿ7 28. ಬಿ1ರ ಆನೆ-ಡಿ1, ಒಂಟೆ-ಎಫ್8.

ಈ ಭಾಗದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಕರ್ಯಾಕಿನ್ ಎಚ್ ಕಾಲಾಳನ್ನು ಎರಡು ಸಲ ತಳ್ಳಿದ್ದು ಗೆಲ್ಲಲೇಬೇಕೆಂಬ ಹಟದಿಂದ. ಕಾರ್ಲ್‌ಸನ್‌ನ ಕುದುರೆ ಸಿ2, ಬಿ4, ಸಿ2 ಅಂತ ಅಲೆದಾಡೋದು ಹೊತ್ತು ಕಳೆಯುವ ಆಟದಂತೆ ಕಾಣುತ್ತೆ. ಆದರೆ ಹೋದಾಗೊಮ್ಮೆ ಬಂದಾಗೊಮ್ಮೆ ಕರಿ ಆನೆಯನ್ನು ಎಬ್ಬಿಸುತ್ತೆ. ಮತ್ತೆ ಗಡಿಯಾರದ ಲೆಕ್ಕ ಬೇರೆ: ಗೊತ್ತಿರೋ ನಡೆ ಎರಡು ಸೆಕೆಂಡಿಗೆ ಆಡಿದರೆ ಖಾತೆಗೆ ಎಂಟು ಸೆಕೆಂಡ್ ಜಮಾ.

ಇಲ್ಲಿ ಪುಸ್ತಕ ಮುಚ್ಚಿ, ಮೊಬೈಲ್‌ನಲ್ಲಿ 40 ಸೆಕೆಂಡ್ ಟೈಮರ್ ಇಟ್ಟು, ಬಿಳಿಯ 29ನೇ ನಡೆ ನೀವೇ ಹುಡುಕಿ. ಸುಳಿವು: ಕರಿ ಒಂಟೆ ಇ7 ಬಿಟ್ಟಿತು, ಅದು ಇಷ್ಟು ಹೊತ್ತು ಯಾವ ಕಾಲಾಳಿಗೆ ಕಾವಲಿತ್ತು?

29. ಜಿ×ಎಚ್4, ಕುದುರೆ-ಎಫ್4 30. ಒಂಟೆ×ಎಫ್4, ಇ×ಎಫ್4 31. ಒಂಟೆ×ಡಿ7, ರಾಣಿ×ಡಿ7 32. ಕುದುರೆ-ಬಿ4, ಆನೆ-ಎ3 33. ಕುದುರೆ×ಸಿ6, ರಾಣಿ×ಸಿ6 34. ಕುದುರೆ-ಬಿ5, ಆನೆ×ಬಿ3 35. ಕುದುರೆ-ಡಿ4, ರಾಣಿ×ಸಿ4 36. ಕುದುರೆ×ಬಿ3, ರಾಣಿ×ಬಿ3.

ಜಿ×ಎಚ್4. ತನ್ನ ರಾಜನ ಮುಂದಿನ ಬಾಗಿಲನ್ನು ತಾನೇ ಕಿತ್ತ ಹಾಗೆ. ಎಚ್2, ಎಚ್4ರಲ್ಲಿ ಒಂದರ ಹಿಂದೊಂದು ಕಾಲಾಳು. ಚೆಸ್ ಕ್ಲಾಸಿನಲ್ಲಿ ಮೇಷ್ಟ್ರು ನೋಡಿದರೆ ಕಿವಿ ಹಿಂಡುತ್ತಾರೆ. ಆ ಎಚ್4 ಕಾಲಾಳನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ನಡೆದದ್ದು ಈ ಆಟದ ನಿಜವಾದ ತಿರುವು ಅಂತ ನನ್ನ ಅಭಿಪ್ರಾಯ, ಎಲ್ಲರೂ ಹೊಗಳುವ ಕೊನೆಯ ನಡೆಗಿಂತ ಹೆಚ್ಚಿನದು. ಕರಿ ಕುದುರೆ ಎಫ್4ಕ್ಕೆ ಹಾರಿದಾಗ ಕಾರ್ಲ್‌ಸನ್ ಒಂದು ಒಂಟೆ ಕೊಟ್ಟು ಅದನ್ನು ತೆಗೆದ. ಈಗ ಕರಿಯ ಇ ಕಾಲಾಳು ಪಕ್ಕಕ್ಕೆ ಸರಿದು ಇ5 ಮನೆ ಖಾಲಿಯಾಯ್ತು. ಡಿ7ರಲ್ಲಿದ್ದ ಇನ್ನೊಂದು ಕುದುರೆ ಅಲ್ಲಿಗೆ ಬಂದು ಕೂತರೆ ಎಫ್3ನ್ನೂ ಸಿ4ನ್ನೂ ಒಟ್ಟಿಗೆ ಕಚ್ಚುತ್ತೆ, ಎಬ್ಬಿಸೋಕೆ ಕಾಲಾಳಿಲ್ಲ. ಅದು ಬರೋ ಮೊದಲೇ ಇನ್ನೊಂದು ಒಂಟೆಯನ್ನೂ ಕೊಟ್ಟು ಆ ಕುದುರೆಯನ್ನೂ ಮುಗಿಸಿದ. ಎರಡು ಒಂಟೆ ಜೋಡಿಯಾಗಿ ಇಟ್ಟುಕೊಳ್ಳೋದು ಲಾಭ ಅಂತ ಪುಸ್ತಕ ಹೇಳುತ್ತೆ. ಇಲ್ಲಿ ಪುಸ್ತಕಕ್ಕಿಂತ ಇ5 ಮುಖ್ಯ. ನಿಯಮ ಕಲಿಯೋದು ಸುಲಭ, ಯಾವಾಗ ಮುರೀಬೇಕು ಅಂತ 40 ಸೆಕೆಂಡಲ್ಲಿ ತೀರ್ಮಾನಿಸೋದು ಕಷ್ಟ.

34ರಲ್ಲಿ ಇನ್ನೊಮ್ಮೆ ನಿಲ್ಲಿ. ಕುದುರೆ ಬಿ5ಕ್ಕೆ ಬಂದು ಎ3ರ ಆನೆಗೆ ಗುರಿ ಇಟ್ಟಿತು. ಕರ್ಯಾಕಿನ್ ಆನೆಯಿಂದ ಬಿ3 ಕಾಲಾಳು ಹೊಡೆದ. ಕುದುರೆ ಡಿ4ಕ್ಕೆ ಬಂದರೆ ಸಿ6ರ ರಾಣಿ, ಬಿ3ರ ಆನೆ ಎರಡಕ್ಕೂ ಒಂದೇ ಏಟು. ಅದು ಅವನಿಗೆ ಕಾಣಲಿಲ್ಲ ಅಂತಲ್ಲ. ಆನೆ ಕೊಟ್ಟು ಕುದುರೆ ಮತ್ತು ಎರಡು ಕಾಲಾಳು ತಗೊಂಡು, ಬಿಳಿ ರಾಜ ಬಯಲಲ್ಲಿ ನಿಂತಿದ್ದಾನಲ್ಲ, ಅವನ ಮೇಲೆ ಬೀಳೋಣ ಅನ್ನೋ ಜೂಜು. ಸಾಮಾನ್ಯ ದಿನ ಆಗಿದ್ದರೆ ಇದು ಕೆಟ್ಟ ವ್ಯಾಪಾರ. ಡ್ರಾ ಕೂಡ ಸೋಲಿಗೆ ಸಮ ಅನ್ನುವ ದಿನ, ಇದಕ್ಕಿಂತ ಒಳ್ಳೆ ದಾರಿ ಅವನಿಗಿತ್ತು ಅಂತ ನನಗನ್ನಿಸಲ್ಲ.

37. ರಾಣಿ-ಇ2, ಒಂಟೆ-ಇ7 38. ರಾಜ-ಜಿ2, ರಾಣಿ-ಇ6 39. ಎಚ್5, ಆನೆ-ಎ3 40. ಆನೆ-ಡಿ3, ಆನೆ-ಎ2 41. ಡಿ3ರ ಆನೆ-ಡಿ2, ಆನೆ-ಎ3 42. ಆನೆ-ಡಿ3, ಆನೆ-ಎ7 43. ಆನೆ-ಡಿ5, ಆನೆ-ಸಿ7 44. ರಾಣಿ-ಡಿ2, ರಾಣಿ-ಎಫ್6 45. ಆನೆ-ಎಫ್5, ರಾಣಿ-ಎಚ್4 46. ಆನೆ-ಸಿ1, ಆನೆ-ಎ7.

ಒಂಟೆಯ ಕಣ್ಣು ಎಚ್4ರ ಮೇಲೆ ಬಿದ್ದಿತ್ತು. ಕಾಲಾಳು ಒಂದು ಹೆಜ್ಜೆ ಮುಂದೆ ಸರಿದು ಎಚ್5ರಲ್ಲಿ ನಿಂತಿತು. ಆಗ ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ.

40ರಿಂದ 42ರವರೆಗೆ ಕರಿ ಆನೆ ಎ3, ಎ2, ಎ3. ಬಿಳಿ ಆನೆ ಡಿ3, ಡಿ2, ಡಿ3. ಒಂದೇ ಸ್ಥಿತಿ ಎರಡು ಸಲ ಬಂತು. ಮೂರನೇ ಸಲ ಬಂದರೆ ಡ್ರಾ. ಕಾರ್ಲ್‌ಸನ್ "ನನಗಿಷ್ಟೇ ಸಾಕು" ಅಂತ ಬೋರ್ಡ್ ಮೇಲೇ ಹೇಳ್ತಾ ಇದ್ದಾನೆ. ಕರ್ಯಾಕಿನ್ ಒಪ್ಪುವ ಹಾಗಿಲ್ಲ, ಆನೆಯನ್ನು ಎ7ಕ್ಕೆ ಒಯ್ದ. ಮ್ಯಾಚಿನ ಅಂಕಪಟ್ಟಿ ಬೋರ್ಡಿನ ಒಳಗೆ ಬಂದು ನಡೆ ಆಡಿಸೋದು ಅಂದರೆ ಇದು.

46ನೇ ನಡೆಯಲ್ಲೂ ಅದೇ ಕಥೆ. ಕಾರ್ಲ್‌ಸನ್ ಸಿ1ಕ್ಕೆ ಆನೆ ತಂದು, ಬಾ ಆನೆಗೆ ಆನೆ ಹೊಡೆದಾಡೋಣ ಅಂದ. ಹೊಡೆದಾಡಿದರೆ ಕರಿಗೆ ದಾಳಿ ಮಾಡಲು ಕಾಯಿಯೇ ಉಳಿಯಲ್ಲ. ಮತ್ತೆ ಎ7. ಸಿ ಫೈಲ್ ಬಿಟ್ಟುಕೊಟ್ಟ. ಇಲ್ಲಿ ಮೂರನೇ ಸಲ ಟೈಮರ್ ಹಾಕಿ: ಕಾವಲು ಹೋದ ಮೇಲೆ ಬಿಳಿ ಆನೆ ಯಾವ ಮನೆಗೆ ಹೋಗಬಹುದು?

47. ರಾಣಿ×ಎಫ್4, ಆನೆ-ಎ2 ಚೆಕ್ 48. ರಾಜ-ಎಚ್1, ರಾಣಿ-ಎಫ್2.

ಈಗ ಬೋರ್ಡ್ ನೋಡಿ ಮೈ ಜುಮ್ ಅನ್ನಬೇಕು. ಕರಿಗೆ ಮುಂದಿನ ನಡೆಯಲ್ಲಿ ಜಿ2 ಮೇಲೆ ರಾಣಿ ಇಟ್ಟರೆ ಮೇಟ್, ಆನೆ ಹಿಂದೆ ನಿಂತು ಕಾಯ್ತಾ ಇದೆ. ಕಾರ್ಲ್‌ಸನ್ ತಡೆಯೋಕೆ ಹೋಗಲಿಲ್ಲ, ಚೆಕ್ ಮೇಲೆ ಚೆಕ್ ಕೊಟ್ಟ.

49. ಆನೆ-ಸಿ8 ಚೆಕ್. ಬಿಟ್ಟುಕೊಟ್ಟ ಆ ಸಿ ಫೈಲ್‌ನಿಂದಲೇ. ಒಂಟೆಯನ್ನು ಎಫ್8ಕ್ಕೆ ಅಡ್ಡ ತಂದರೆ ಆನೆ ಅದನ್ನು ಚೆಕ್ ಸಮೇತ ನುಂಗುತ್ತೆ. ರಾಜ ಎಚ್7ಕ್ಕೆ ಸರಿದ.

50. ರಾಣಿ-ಎಚ್6 ಚೆಕ್!!

ಕಾವಲಿಲ್ಲದ ಮನೆಯಲ್ಲಿ, ಎದುರಾಳಿ ರಾಜನ ಮೂಗಿನ ಕೆಳಗೆ ರಾಣಿ. ತಪ್ಪಿಸಿಕೊಳ್ಳುವ ಮನೆಯಿಲ್ಲ, ಹೊಡೆಯಲೇಬೇಕು. ಎರಡು ದಾರಿ. ರಾಜನೇ ಹೊಡೆದರೆ ಸಿ8ರ ಆನೆ ಎಚ್8ಕ್ಕೆ ಬಂದು ಮೇಟ್: ಜಿ5 ಮನೆಗೆ ಎಫ್5ರ ಆನೆಯ ಕಾವಲು, ಎಚ್5 ಕಾಲಾಳಿಗೂ ಅದೇ ಆನೆಯ ಆಸರೆ, ಜಿ6ಕ್ಕೆ ಎಚ್5 ಕಾಲಾಳಿನ ಕಾವಲು. ಜಿ ಕಾಲಾಳಿನಿಂದ ಹೊಡೆದರೆ ಎಫ್5ರ ಆನೆ ಎಫ್7 ಹೊಡೆದು ಮೇಟ್: ಜಿ8, ಎಚ್8 ಎರಡನ್ನೂ ಸಿ8ರ ಆನೆ ಹಿಡಿದಿದೆ, ಎಚ್6ರಲ್ಲಿ ಕರಿಯದೇ ಕಾಲಾಳು ಅಡ್ಡ, ಜಿ6ಕ್ಕೆ ಮತ್ತೆ ಅದೇ ಎಚ್5. ಕರಿ ರಾಣಿ ಎಫ್2ರಲ್ಲಿದ್ದೂ ಎಫ್7 ಕಾಯಲಾಗದು, ನಡುವೆ ಎಫ್3 ಕಾಲಾಳು. ಐದನೇ ನಡೆಯದು!

ಬೇಕಾದರೆ ಎಚ್5 ಕಾಲಾಳನ್ನು ಬೋರ್ಡಿನಿಂದ ಎತ್ತಿಟ್ಟು ಎರಡೂ ದಾರಿ ಮತ್ತೆ ಆಡಿ ನೋಡಿ. ರಾಜ ಜಿ6ಕ್ಕೆ ನುಸುಳಿ ಹೋಗ್ತಾನೆ, ಎರಡೂ ಮೇಟ್ ಕುಸಿಯುತ್ತೆ, ರಾಣಿ ಸುಮ್ಮನೆ ಕೊಟ್ಟಂತಾಗುತ್ತೆ. ಕಿವಿ ಹಿಂಡಿಸಿಕೊಳ್ಳಬೇಕಿದ್ದ ಕಾಲಾಳು ಅದು.

ಕರ್ಯಾಕಿನ್ ಶರಣಾದ. ಟೈಬ್ರೇಕರ್ 3–1. ಅವತ್ತು ಕಾರ್ಲ್‌ಸನ್‌ಗೆ 26 ತುಂಬಿದ ಹುಟ್ಟುಹಬ್ಬ ಬೇರೆ.

ಇದನ್ನು ಅಷ್ಟು ಸಮಯದಲ್ಲಿ ಹೇಗೆ ಕಂಡ? ನಮ್ಮ ಸಿಎಸ್‌ನವರು ತಕ್ಷಣ ಸರ್ಚ್ ಟ್ರೀ ಅಂತಾರೆ. ಪ್ರತಿ ಸ್ಥಿತಿಯಲ್ಲೂ ಮೂವತ್ತು ಚಿಲ್ಲರೆ ನಡೆ ಸಾಧ್ಯ ಅಂದುಕೊಂಡರೆ ನಾಲ್ಕು ಹೆಜ್ಜೆಗೇ ಎಂಟು ಲಕ್ಷ ದಾಟುತ್ತೆ. ಮನುಷ್ಯ ಹಾಗೆ ಹುಡುಕಲ್ಲ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಪ್ರಕಟಿಸಿದ ಪ್ರಯೋಗ ಇದಕ್ಕೆ ಪ್ರಸಿದ್ಧ: ನಿಜವಾದ ಆಟದ ಸ್ಥಿತಿಯನ್ನು ಕೆಲವೇ ಸೆಕೆಂಡ್ ತೋರಿಸಿದರೆ ಮಾಸ್ಟರ್ ಬಹುಪಾಲು ಕಾಯಿಗಳನ್ನು ಸರಿಯಾಗಿ ಜೋಡಿಸ್ತಾನೆ, ಅದೇ ಕಾಯಿಗಳನ್ನು ಅಡ್ಡಾದಿಡ್ಡಿ ಚೆಲ್ಲಿ ತೋರಿಸಿದರೆ ಅವನ ಆ ಅನುಕೂಲ ಹೆಚ್ಚುಕಡಿಮೆ ಮಾಯ. ಅಂದರೆ ತಲೆಯೊಳಗಿರೋದು ವೇಗದ ಪ್ರೊಸೆಸರ್ ಅಲ್ಲ, ದೊಡ್ಡ ಲೈಬ್ರರಿ. ಎಂಟನೇ ಸಾಲಿನಲ್ಲಿ ಒಂದು ಆನೆ, ಎಫ್7ಕ್ಕೆ ಗುರಿ ಇಟ್ಟ ಇನ್ನೊಂದು, ಜಿ6 ಹಿಡಿದ ಕಾಲಾಳು: ಈ ಚಿತ್ರ ನೋಡಿದ ಕಣ್ಣಿಗೆ ಎಚ್6 ತಾನಾಗೇ ಹೊಳೆಯುತ್ತೆ. ಆಮೇಲೆ ಲೆಕ್ಕ ಹಾಕೋದು ಬರೀ ಎರಡು ದಾರಿ. ಆ ಲೈಬ್ರರಿ ತುಂಬೋದು ನಿಧಾನವಾಗಿ ಕೂತು ನೋಡಿದ ಆಟಗಳಿಂದ. ರೀಮ್ಯಾಚ್ ಬಟನ್ ಒತ್ತಿದರೆ ಅಲ್ಲಿಗೆ ಒಂದು ಪುಸ್ತಕವೂ ಸೇರಲ್ಲ.

ಇಂಥ ಹುಚ್ಚು ನಮ್ಮ ಸೀಮೆಗೆ ಹೊಸದೇನಲ್ಲ ಅನ್ನಿ. ಮುಮ್ಮಡಿ ಕೃಷ್ಣರಾಜ ಒಡೆಯರ್ ಅರಮನೆಯಲ್ಲಿ ಕೂತು, ಕುದುರೆ ಅರವತ್ನಾಲ್ಕು ಮನೆಗೂ ಒಂದೊಂದೇ ಸಲ ಕಾಲಿಡುವ ದಾರಿಗಳನ್ನು ಹೆಣೆದವರು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, 2017ರಲ್ಲಿ ಆ ಪಟ್ಟ ಪಡೆದ ಎಂ.ಎಸ್. ತೇಜ್‌ಕುಮಾರ್, ಇಲ್ಲಿಂದ ಒಂದು ಗಂಟೆ ದಾರಿಯ ಮೈಸೂರಿನವರು. ಗಿರೀಶ್ ಕೌಶಿಕ್ ಕೂಡ ಅಲ್ಲಿಯವರೇ.

ರ್‍ಯಾಪಿಡ್‌ನಲ್ಲಿ ಪಟ್ಟ ತೀರ್ಮಾನ ಆಗಬಾರದು ಅಂತ ವಾದ ಮಾಡೋರು ಈಗಲೂ ಇದ್ದಾರೆ. ಆನಂದ್ 2012ರಲ್ಲಿ ಗೆಲ್ಫಾಂಡ್ ಎದುರು ಪಟ್ಟ ಉಳಿಸಿಕೊಂಡದ್ದು ಇದೇ ರೀತಿ. 2018ರಲ್ಲಿ ಕಾರ್ಲ್‌ಸನ್ ಕರುವಾನಾ ಜೊತೆ ಹನ್ನೆರಡಕ್ಕೆ ಹನ್ನೆರಡೂ ಡ್ರಾ ಮಾಡಿ, ರ್‍ಯಾಪಿಡ್‌ನಲ್ಲಿ 3–0 ಗೆದ್ದ. 2023ರಲ್ಲಿ ಅಸ್ತಾನಾದಲ್ಲಿ ಡಿಂಗ್ ಲಿರೆನ್ ನಾಲ್ಕನೇ ರ್‍ಯಾಪಿಡ್ ಆಟದ 46ನೇ ನಡೆಗೆ ಕರಿ ಆನೆಯನ್ನು ಜಿ6ಕ್ಕೆ ತಂದು, ತನ್ನ ಕಾಯಿಯನ್ನು ತಾನೇ ಪಿನ್ ಮಾಡಿಕೊಂಡು, ಡ್ರಾ ಬೇಡ ಅಂತ ನೆಪೊಮ್ನಿಯಾಚಿಯನ್ನು ಸೋಲಿಸಿದ. ಮುಂದಿನ ಪಾಠಕ್ಕೆ ಆ ಆಟ. ಬರುವಾಗ 46ನೇ ನಡೆಯವರೆಗೆ ಬೋರ್ಡ್ ಜೋಡಿಸಿಕೊಂಡು, ನಿಮ್ಮ 40 ಸೆಕೆಂಡಿನ ಉತ್ತರವನ್ನು ಚೀಟಿಯಲ್ಲಿ ಬರೆದು ತನ್ನಿ.